ಬಸ್ಸು ತುಂಬ ಅಕ್ಕತಂಗಿಯರು

ಹನಿತೆಲಿ ಸತ್ತದ್ದು ಭಾನುವಾರ ಬೆಳಿಗ್ಗೆ, ಇಗರ್ಜಿಯಲ್ಲಿ, ಕೀರ್ತನೆಯ ಮೂರನೆಯ ಚರಣದ ನಡುವೆ. ಗಂಡಸರ ಸಾಲಿನಲ್ಲಿ ಅವನದೇ ದೊಡ್ಡ ಗಂಟಲು. ಅದು ಇದ್ದಕ್ಕಿದ್ದಂತೆ ನಿಂತಾಗ, ಉಸಿರು ತೆಗೆದುಕೊಳ್ಳುತ್ತಿದ್ದಾನೆ ಎಂದುಕೊಂಡು ಉಳಿದವರು ಹಾಡು ಮುಂದುವರಿಸಿದರು. ಚರಣ ಮುಗಿಸಿ ನೋಡಿದರೆ ಪುಣ್ಯಾತ್ಮ ಬೆಂಚಿನ ಮೇಲೆ ಕೂತಲ್ಲೇ ಮುಗಿದುಹೋಗಿದ್ದ.

ದೇವರ ಹೆಸರು ಬಾಯಲ್ಲಿರುವಾಗಲೇ ಹೋದ, ಇಂಥ ಸಾವು ಎಷ್ಟು ಜನರಿಗುಂಟು ಎಂದು ಪಾದ್ರಿ ಹೊಗಳಿದ್ದೇ ಹೊಗಳಿದ್ದು. ಹೆಂಡತಿ ಲೂಪೆಗೆ ಆ ಹೊಗಳಿಕೆ ಹಿಡಿಸಲಿಲ್ಲ. "ಹಾಡೋಕ್ಕೆ ಉಸಿರಿತ್ತು, ಹೆಂಡತಿಗೆ ಒಂದು ಮಾತು ಹೇಳೋಕ್ಕೆ ಇರಲಿಲ್ಲ," ಎಂದು ಹೆಣದ ಪಕ್ಕದಲ್ಲೇ ಬೈದಳು. ಹನಿತೆಲಿ ಒಳ್ಳೆಯವನೇ. ಆದರೆ ಯಾವ ಕೆಲಸವನ್ನೂ ನಾಳೆಗೆ ತಳ್ಳುವುದರಲ್ಲಿ ಫಂಗಾಲೋ ಊರಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಿತ್ತಲ ಬಾಗಿಲಿನ ತಿರುಗಣಿ ಕಿತ್ತುಬಂದು ಎಂಟು ವರ್ಷವಾಗಿತ್ತು. ಬಾಗಿಲು ಸರಿಮಾಡದವನು ಉಯಿಲು ಬರೆಯುತ್ತಾನೆಯೇ?

ಬರೆದಿದ್ದರೂ ಅಷ್ಟರಲ್ಲೇ ಇತ್ತು. ನಮ್ಮ ಟೊಂಗಾ ದ್ವೀಪಗಳಲ್ಲಿ ಭೂಮಿ ಯಾರ ಉಯಿಲಿಗೂ ಬಗ್ಗುವುದಿಲ್ಲ. ಅಪ್ಪ ಸತ್ತರೆ ಮನೆ ನಿವೇಶನವೂ ಊರಾಚೆಯ ತೋಟವೂ ಹಿರಿಯ ಮಗನಿಗೆ. ಲೂಪೆಗೆ ಮಕ್ಕಳಿರಲಿಲ್ಲ. ಹಾಗಾಗಿ ಎಲ್ಲವೂ ಅವಳು ಬದುಕಿರುವವರೆಗೆ ಅವಳ ಕೈಯಲ್ಲಿ, ಆಮೇಲೆ ಹನಿತೆಲಿಯ ತಮ್ಮ ಫೊಲಾವುಗೆ. ಇದಕ್ಕೆ ಒಂದು ಷರತ್ತಿತ್ತು. ವಿಧವೆ ಮರುಮದುವೆಯಾದರೆ, ಅಥವಾ ಮದುವೆಯಿಲ್ಲದೆ ಗಂಡಸಿನ ಸಹವಾಸ ಮಾಡಿದ್ದಾಳೆಂದು ನ್ಯಾಯಾಲಯದಲ್ಲಿ ಸಾಬೀತಾದರೆ, ಅವಳು ಗಂಟುಮೂಟೆ ಕಟ್ಟಬೇಕು. ಹೆಂಡತಿ ಸತ್ತ ಗಂಡಸಿಗೆ ಇಂಥ ಷರತ್ತೇನೂ ಇಲ್ಲ. ಈ ಕಾನೂನನ್ನು ಬರೆದವರು ಯಾರೆಂದು ವಿಚಾರಿಸುವ ಅಗತ್ಯವೂ ಇಲ್ಲ, ಬರೆಯುತ್ತ ಕೂತ ಕೋಣೆಯಲ್ಲಿ ಒಬ್ಬ ಹೆಂಗಸೂ ಇದ್ದಿರಲಾರಳು.

ಭೂಮಿಯ ಮಾತು ಹಾಗಾಯಿತು. ಮನೆಯೊಳಗಿನ ಸಾಮಾನಿನ ಮಾತು ಬೇರೆ, ಅದಕ್ಕೆ ಲುಸಿಯಾನೆ ಇದ್ದಳು.

ಲುಸಿಯಾನೆ ಹನಿತೆಲಿ ಮತ್ತು ಫೊಲಾವು ಇಬ್ಬರಿಗೂ ಅಕ್ಕ. ನಮ್ಮಲ್ಲಿ ಗಂಡಸು ಹೊರಗೆ ಎಷ್ಟು ಗುಡುಗಿದರೂ ಅಕ್ಕ ಒಳಗೆ ಬಂದಳೆಂದರೆ ಗೋಡೆಗೆ ಒರಗಿ ನಿಲ್ಲಬೇಕು. ಸಾವಿನ ಮನೆಯಲ್ಲಂತೂ ಅವಳೇ ಫಹು. ಎಂದರೆ ಹೆಣದ ತಲೆಯ ಬಳಿ ಕೂರುವ, ಬಂದ ಕಾಣಿಕೆಯಲ್ಲೆಲ್ಲ ಮೊದಲ ಪಾಲು ಎತ್ತುವ, ಯಾರೂ ಎದುರಾಡಕೂಡದ ಹೆಂಗಸು. ಮೂರು ದಿನ ಲುಸಿಯಾನೆ ಆ ಜಾಗದಿಂದ ಅಲುಗಲಿಲ್ಲ. ದಪ್ಪ ಮೈ, ಊದಿದ ಕಾಲು, ಕೈಯಲ್ಲಿ ಬೀಸಣಿಗೆ. ಸೂತಕದ ಹರಕು ಚಾಪೆ ಸುತ್ತಿಕೊಂಡು, ಕೂದಲು ಕೆದರಿಕೊಂಡು ಮೂಲೆಯ ಹಾಸಿಗೆಯ ಮೇಲೆ ಕೂತಿದ್ದ ಲೂಪೆ ನೋಡುತ್ತಿದ್ದಂತೆಯೇ ಕೇದಗೆಯೋಲೆಯ ಚಾಪೆಗಳು ಸುರುಳಿ ಸುರುಳಿಯಾಗಿ ಹೊರಟವು. ಮರದ ತೊಗಟೆ ಬಡಿದು ಮಾಡಿದ ಬಣ್ಣದ ಬಟ್ಟೆಗಳು ಹೊರಟವು. ಕೊನೆಗೆ ಬೀಸಣಿಗೆ ಹೊಲಿಗೆ ಯಂತ್ರದ ಕಡೆ ತಿರುಗಿತು.

"ಅದೂ," ಎಂದಳು ಲುಸಿಯಾನೆ.

"ಅಕ್ಕಾ, ಅದು ನನ್ನ ತವರಿಂದ ಬಂದಿದ್ದು."

"ನನ್ನ ತಮ್ಮನ ಮನೇಲಿದೆ ತಾನೆ?"

ಯಂತ್ರ ಹೋಯಿತು. ಆದರೆ ಒಂದು ವಸ್ತು ಉಳಿಯಿತು. ಲೂಪೆಯ ತಾಯಿ ಮೂರು ವರ್ಷ ಕೂತು ಹೆಣೆದ ಒಂದು ಚಾಪೆ ಇತ್ತು. ಮಡಿಸಿದರೆ ರೇಷ್ಮೆಯಷ್ಟು ಮೆದು, ಎಳೆಗಳ ನಡುವೆ ಸೂಜಿ ತೂರದಷ್ಟು ಒತ್ತು. ಗಂಡನ ಹೆಣ ಮನೆಗೆ ಬರುವ ಮುಂಚೆಯೇ ಲೂಪೆ ಅದನ್ನು ಹಾಸಿಗೆಯ ಅಡಿಗೆ ತುರುಕಿ, ಮೇಲೆ ಎರಡು ಹೊದಿಕೆ ಹೇರಿದ್ದಳು. ಫಹುವಿನಿಂದ ವಸ್ತು ಬಚ್ಚಿಡುವುದೆಂದರೆ ನಮ್ಮಲ್ಲಿ ಇಗರ್ಜಿಯ ಕಾಣಿಕೆ ಡಬ್ಬಕ್ಕೆ ಕೈ ಹಾಕಿದಷ್ಟೇ ಪಾಪ. ಲೂಪೆಗೆ ಅಂಥ ಪಶ್ಚಾತ್ತಾಪವೇನೂ ಆಗಲಿಲ್ಲ. ಸಾಮಾನು ಹೇರಿದ ಗಾಡಿಯ ಹಿಂದೆ ನಿಂತು, "ಈ ಮುದುಕಿ ಬೇಗ ಹೋಗ್ಲಪ್ಪಾ ದೇವ್ರೇ. ನನ್ನ ಯಂತ್ರದ ಮೇಲೆ ಬಿದ್ದೇ ಹೋಗ್ಲಿ," ಎಂದು ಬೇಡಿಕೊಂಡಳು.

ಆಮೇಲೆ ಅವಳು ಮನೆಯ ಹಿಂದಿನ ಜಗಲಿಯಲ್ಲಿ ಚಾಪೆ ಹೆಣೆಯುತ್ತ ಕೂತಳು. ಅದೇ ಅವಳ ಬದುಕು. ಹದಿನಾರನೆಯ ವಯಸ್ಸಿಗೆ ಕೈ ಹಚ್ಚಿದ ಕೆಲಸ, ಈಗ ನಲವತ್ತೇಳು. ಮದುವೆಗೆ, ನಾಮಕರಣಕ್ಕೆ, ಸಾವಿಗೆ ಊರಿನವರು ಅವಳ ಹತ್ತಿರವೇ ಬರುತ್ತಿದ್ದರು. ಬಂದವರಿಗೆ ಚಾಪೆಯ ಜೊತೆ ಅವಳ ನಾಲಿಗೆಯ ಏಟೂ ಸಿಗುತ್ತಿತ್ತು. ಆ ಜಗಲಿಯನ್ನು ಅವಳೇ ಹಲಗೆ ಹೊತ್ತು ತಂದು ಕಟ್ಟಿಸಿದ್ದು. ಸಮುದ್ರದ ಗಾಳಿ ನೇರ ಬಂದು ಓಲೆ ಒಣಗಿಸುವ ಜಾಗ. ಇದು ಕೈತಪ್ಪಿದರೆ ಅವಳಿಗೆ ಉಳಿದಿದ್ದದ್ದು ಹಾಅಪೈ ದ್ವೀಪದಲ್ಲಿ ಅವಳ ಅಣ್ಣನ ಅಡುಗೆಮನೆಯ ಒಂದು ಮೂಲೆ, ಅದೂ ಅತ್ತಿಗೆಯ ಮನಸ್ಸು ನೆಟ್ಟಗಿದ್ದ ದಿನ.

ಇನ್ನು ಕಿತಿಯೋನೆ. ನೀಲಿ ಬಸ್ಸಿನ ಚಾಲಕ, ಐವತ್ತು ದಾಟಿದ ವಿಧುರ, ದೊಡ್ಡ ಹೊಟ್ಟೆ, ಸಣ್ಣ ಮಾತು. ಹನ್ನೆರಡೂವರೆಗೆ ರಾಜಧಾನಿ ನುಕುಅಲೋಫದಿಂದ ಬಂದರೆ ಮತ್ತೆ ಮೂರು ಗಂಟೆಗೆ ಶಾಲೆಯ ಮಕ್ಕಳನ್ನು ತರಲು ಹೋಗಬೇಕು. ಹನಿತೆಲಿ ಸತ್ತ ವರ್ಷ ತುಂಬಿದ ಮೇಲೆ ಒಂದು ದಿನ ಅವನು ಲೂಪೆಯ ಗೇಟಿನ ಹತ್ತಿರದ ದೀವಿಹಲಸಿನ ನೆರಳಲ್ಲಿ ಬಸ್ಸು ನಿಲ್ಲಿಸಿ, ಎಂಜಿನ್ ಕಾದಿದೆ, ಒಂದು ಕೊಡ ನೀರು ಕೊಡಿ ಎಂದ. ಮಾರನೆಯ ದಿನವೂ ಎಂಜಿನ್ ಕಾಯಿತು. ಮೂರನೆಯ ದಿನ ಹಿತ್ತಲ ಬಾಗಿಲಿನ ಅವಸ್ಥೆ ನೋಡಿ ಸುತ್ತಿಗೆ ತಂದ. ಒಂಬತ್ತು ವರ್ಷದ ತಿರುಗಣಿ ಹತ್ತು ನಿಮಿಷದಲ್ಲಿ ಸರಿಹೋಯಿತು. ಶಬ್ದವಿಲ್ಲದೆ ತೆರೆದು ಮುಚ್ಚಿಕೊಂಡ ಆ ಬಾಗಿಲನ್ನು ನೋಡಿ ಲೂಪೆಗೆ ಅಳು ಬಂತು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಯಾರೂ ಅವಳಿಗೆ ಇಷ್ಟು ಸೊಗಸಾಗಿ ಮಾತಾಡಿರಲಿಲ್ಲ.

ಅಂದಿನಿಂದ ಫಂಗಾಲೋದ ನೀಲಿ ಬಸ್ಸಿನ ಎಂಜಿನ್ ತಣ್ಣಗಾಗಲು ದಿನಾ ಎರಡು ಗಂಟೆ ಹಿಡಿಯಿತು.

ಊರಿಗೆ ಗೊತ್ತಾಗದೆ ಇರುತ್ತದೆಯೇ? ಬಸ್ಸು ಬಚ್ಚಿಡುವ ವಸ್ತುವಲ್ಲ. ಬಾವಿಕಟ್ಟೆಯಲ್ಲಿ, ಬ್ರೆಡ್ಡಂಗಡಿಯಲ್ಲಿ, ಗಂಡಸರು ಕಾವಾ ಬೇರಿನ ಪಾನೀಯ ಕುಡಿಯುವ ಕೂಟದಲ್ಲಿ ಇದೇ ಮಾತು. ಆದರೆ ಊರು ನಕ್ಕು ಸುಮ್ಮನಾಗುತ್ತಿತ್ತು. ಸುಮ್ಮನಾಗದವನು ಒಬ್ಬನೇ, ಫೊಲಾವು. ಅವನಿಗೆ ನಾಲ್ಕು ಗಂಡುಮಕ್ಕಳು, ಒಂದೇ ನಿವೇಶನ. ಅಣ್ಣನ ಮನೆಯನ್ನು ನೋಡಿದಾಗಲೆಲ್ಲ ಅವನ ಕೈ ತುರಿಸುತ್ತಿತ್ತು. ಲೂಪೆ ನೂರು ವರ್ಷ ಬಾಳುವಂತೆ ಕಾಣುತ್ತಿದ್ದಳು, ಕಾಯುವ ತಾಳ್ಮೆ ಅವನಿಗಿರಲಿಲ್ಲ.

ಫೊಲಾವುವಿನ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಅವನ ಎಡಗಾಲು ಸ್ವಲ್ಪ ಕುಂಟು. ಹರೆಯದಲ್ಲಿ ಊರಿನ ಸಭಾಮನೆಯಲ್ಲಿ ಸಿನಿಮಾ ಹಾಕಿದ್ದರು. ನಾಯಕ ನಾಯಕಿಯ ಮುಖದ ಹತ್ತಿರ ಮುಖ ತಂದ. ಆಗ ಫೊಲಾವುವಿಗೆ ಎದುರಿನ ಸಾಲಿನಲ್ಲಿ ಅಕ್ಕ ಲುಸಿಯಾನೆ ಕೂತಿರುವುದು ಕಂಡಿತು. ಬಾಗಿಲ ತನಕ ಹೋಗುವಷ್ಟು ಸಮಯವಿರಲಿಲ್ಲ. ಕಿಟಕಿಯಿಂದ ಹಾರಿಬಿಟ್ಟ, ಕೆಳಗೆ ಹವಳದ ಕಲ್ಲು. ಇದನ್ನು ಅವನೊಬ್ಬನ ಹುಚ್ಚು ಎನ್ನಬೇಡಿ. ಅಂದು ಆ ಕಿಟಕಿಯಿಂದ ಐದು ಜನ ಹಾರಿದ್ದರು. ಅಕ್ಕತಂಗಿ ಇದ್ದ ಕಡೆ ಅಣ್ಣತಮ್ಮ ಅಂಥದ್ದನ್ನು ನೋಡಕೂಡದು, ಆಡಕೂಡದು, ಕೇಳಲೂ ಕೂಡದು. ಚಿಕ್ಕಪ್ಪ ದೊಡ್ಡಪ್ಪನ ಹೆಣ್ಣುಮಕ್ಕಳೂ ಅಕ್ಕತಂಗಿಯರೇ. ಕುಡಿದು ಬಿದ್ದವನೂ ಈ ಒಂದು ಗೆರೆಯನ್ನು ದಾಟುವುದಿಲ್ಲ.

ಇಂಥ ಫೊಲಾವು ಅತ್ತಿಗೆಯ ಹಿತ್ತಲು ಕಾಣುವ ಹಾಗೆ ಪಕ್ಕದ ತೋಟದ ಮಾವಿನ ಮರ ಹತ್ತಿ ಕೂತ. ಹನ್ನೆರಡು ದಿನ. ಕೆಂಪಿರುವೆ ಕಚ್ಚಿ ಮೈಯೆಲ್ಲ ಬೆಂದ ಗೆಣಸಿನಂತೆ ಊದಿಕೊಂಡಿತು. ಆದರೂ ನೋಡಬೇಕಾದ್ದನ್ನು ನೋಡಿದ. ಮೆಟ್ಟಿಲ ಮೇಲೆ ಕಿತಿಯೋನೆಯ ಚಪ್ಪಲಿ, ಹಗ್ಗದ ಮೇಲೆ ಕಿತಿಯೋನೆಯ ಅಂಗಿ, ತೆರೆದ ಕಿಟಕಿಯಲ್ಲಿ ಅಂಗಿಯಿಲ್ಲದ ಕಿತಿಯೋನೆ, ಅವನ ಹೆಗಲ ಮೇಲೆ ಅತ್ತಿಗೆಯ ಕೈ. ಸಾಕ್ಷಿ ಗಟ್ಟಿಯಾಗಲೆಂದು ಬ್ರೆಡ್ಡಂಗಡಿಯ ಸೆಮಿಸಿಯನ್ನೂ ಶಾಲೆಯ ಕಾವಲುಗಾರ ಫಿಲಿಪೆಯನ್ನೂ ಸರದಿಯಂತೆ ಮರ ಹತ್ತಿಸಿದ. ಆಮೇಲೆ ರಾಜಧಾನಿಯಲ್ಲಿ ವಕೀಲನನ್ನು ಹಿಡಿದು ಭೂ ನ್ಯಾಯಾಲಯದಲ್ಲಿ ದಾವೆ ಹೂಡಿದ.

ನೋಟೀಸು ಬಂದ ದಿನ ಲೂಪೆ ಅದನ್ನು ಓದಿ, ಮಡಿಸಿ, ಓಲೆಯ ಕಟ್ಟಿನ ಕೆಳಗಿಟ್ಟಳು. ಕಿತಿಯೋನೆ ಬಂದಾಗ ತೆಗೆದು ತೋರಿಸಿದಳು. ಅವನು ಎರಡು ಸಲ ಓದಿದ.

"ಮದ್ವೆ ಆಗ್ಬಿಡೋಣ ಲೂಪೆ."

"ಆದ್ರೂ ಮನೆ ಹೋಗುತ್ತೆ."

"ಆಗ್ದೆ ಇದ್ರೂ ಹೋಗುತ್ತಲ್ಲ."

"ಆಗ್ದೆ ಇದ್ರೆ ಅವ್ನು ಸಾಬೀತು ಮಾಡ್ಬೇಕು. ಮದ್ವೆ ಆದ್ರೆ ಆ ಕಷ್ಟಾನೂ ಅವನಿಗಿಲ್ಲ, ನಾವೇ ಪಾದ್ರಿ ಮುಂದೆ ಸಹಿ ಹಾಕಿ ಕೊಟ್ಟಿರ್ತೀವಿ."

"ನಮ್ಮನೇಲೇ ಇರ್ಬಹುದು."

"ನಿಮ್ಮನೇಲಿ ನಿಮ್ಮಮ್ಮ, ಮೂರು ಮಕ್ಕಳು, ಇಬ್ಬರು ಸೊಸೆಯಂದ್ರು, ಒಂದು ನಾಯಿ. ನಾನೆಲ್ಲಿ ಓಲೆ ಹರವ್ಲಿ? ಬಸ್ಸಿನ ಮೇಲಾ?"

ಕಿತಿಯೋನೆ ನೋಟೀಸನ್ನು ಮೊದಲಿನ ಹಾಗೇ ಮಡಿಸಿದ. "ಹಾಗಾದ್ರೆ ನಾನು ಬರೋದು ಬಿಡ್ಲಾ?"

ಲೂಪೆ ಕೈಯಲ್ಲಿದ್ದ ಓಲೆಯನ್ನು ಅವನ ಮುಖಕ್ಕೆ ಎಸೆದಳು. ಎಸೆದು, ಮುಖ ಮುಚ್ಚಿಕೊಂಡು ಅತ್ತಳು. ಅವಳಿಗೆ ಎರಡೂ ಬೇಕಿತ್ತು. ಮನೆಯೂ ಬೇಕು, ಇವನೂ ಬೇಕು. ಗಂಡಸರಿಗೆ ಎರಡೂ ಸಿಗುತ್ತವೆ, ಕೇಳುವುದೂ ಬೇಡ. ಸಾಯುವ ತನಕ ಒಂದನ್ನು ಕೊಯ್ದುಕೊಂಡೇ ಇನ್ನೊಂದನ್ನು ಇಟ್ಟುಕೋ ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ.

ವಿಚಾರಣೆಗೆ ಒಂದು ವಾರವಿರುವಾಗ ಲುಸಿಯಾನೆ ಬಂದಳು. ಸುದ್ದಿ ಕೇಳಿ ಬಂದವಳಲ್ಲ. ಮೊಮ್ಮಗುವಿನ ನಾಮಕರಣದ ಊಟಕ್ಕೆ ಹಂದಿ ಬೇಕಿತ್ತು, ಸತ್ತ ತಮ್ಮನ ಮನೆಯಲ್ಲಿ ಹಂದಿಯಿತ್ತು. ಕೇಳುವ ಪದ್ಧತಿಯಿಲ್ಲ. ಹಿತ್ತಲಿಗೆ ಬಂದು ಹಂದಿಯ ಕಾಲಿಗೆ ಹಗ್ಗ ಹಾಕತೊಡಗಿದಳು. ಲೂಪೆಯ ತಾಳ್ಮೆ ಅಲ್ಲಿಗೆ ಕಟ್ಟೆಯೊಡೆಯಿತು.

"ತಗೊಂಡ್ಹೋಗಿ ಅಕ್ಕಾ! ಚಾಪೆ ತಗೊಂಡ್ರಿ, ಯಂತ್ರ ತಗೊಂಡ್ರಿ, ಹಂದೀನೂ ತಗೊಳ್ಳಿ. ಮನೆ ನಿಮ್ಮ ತಮ್ಮ ತಗೋತಾನೆ. ನಾನೊಬ್ಬಳು ಉಳಿದಿದ್ದೀನಿ, ನನ್ನನ್ನೂ ಯಾರಾದ್ರೂ ತಗೊಂಡ್ಹೋಗಿ!"

"ನಿನ್ನನ್ನ ಬಸ್ಸಿನೋನು ತಗೊಂಡಾಗಿದೆಯಲ್ಲ," ಎಂದಳು ಲುಸಿಯಾನೆ, ಹಂದಿಯ ಬೆನ್ನು ಸವರುತ್ತ.

ಲೂಪೆ ಗೇಟಿನ ಕಡೆ, ಬಸ್ಸು ನಿಲ್ಲುವ ಜಾಗದ ಕಡೆ ತಿರುಗಿ ನೋಡಿದಳು.

"ನಿಜ ಹೇಳು. ಎಂಜಿನ್ನು ಅಷ್ಟು ಬಿಸಿಯಾಗುತ್ತಾ?"

ಲೂಪೆ ನೆಲ ನೋಡಿದಳು. ಆಮೇಲೆ ಹೇಗಿದ್ದರೂ ಹಾಳಾದದ್ದೇ ಎಂದು, "ಆಗುತ್ತೆ," ಎಂದಳು.

ಲುಸಿಯಾನೆಯ ನಗು ಹೊಟ್ಟೆಯಿಂದ ಹೊರಟು ಹೆಗಲಿಗೇರಿ ಕೆನ್ನೆಯಲ್ಲಿ ಕುಣಿಯಿತು. ಹಂದಿ ಹೆದರಿ ಹಗ್ಗ ಜಗ್ಗಿತು. ನಗು ಮುಗಿಸಿ, ಜಗಲಿಯ ಮೆಟ್ಟಿಲ ಮೇಲೆ ಭಾರವಾಗಿ ಕೂತು, "ಸಾಕ್ಷಿ ಯಾರ್ಯಾರು?" ಎಂದು ಕೇಳಿದಳು.

"ಫೊಲಾವು. ಸೆಮಿಸಿ. ಫಿಲಿಪೆ."

"ಸೆಮಿಸಿಗೆ ಇಬ್ಬರು ಅಕ್ಕಂದ್ರು. ಫಿಲಿಪೆಗೆ ನಾಲ್ಕು ಜನ ತಂಗೀರು, ಅವನ ದೊಡ್ಡಪ್ಪನ ಮಕ್ಕಳು ಬೇರೆ. ಕೋರ್ಟಲ್ಲಿ ಪಲಂಗಿ ಜಡ್ಜಿಗೆ ನಮ್ಮ ಮಾತು ತಿರುಗಿಸಿ ಹೇಳೋನು ಯಾರು? ಆ ತೆಳ್ಳಗಿನ ಹುಡುಗ ತಾನೇ, ಕೊಲೊವೈ ಕಡೆಯೋನು?"

ಪಲಂಗಿ ಎಂದರೆ ಬಿಳಿಯ. ಜಡ್ಜ್ ನ್ಯೂಜಿಲೆಂಡಿನವನು. ಲೂಪೆಗೆ ನಿಧಾನವಾಗಿ ಅರ್ಥವಾಗತೊಡಗಿತು.

"ಅಕ್ಕಾ, ನೀವು..."

"ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ ಬಸ್ಸು ಬೇಕು ಅಂತ ಹೇಳು ನಿನ್ನ ಗಿರಾಕಿಗೆ. ಎಂಜಿನ್ ತಣ್ಣಗಿಟ್ಕೊಂಡು ಬರ್ಲಿ." ಅಷ್ಟು ಹೇಳಿ ಎದ್ದಳು. ಹಂದಿಯನ್ನು ಮಾತ್ರ ಬಿಡಲಿಲ್ಲ, ಎಳೆದುಕೊಂಡೇ ಹೋದಳು.

ಬುಧವಾರ ನ್ಯಾಯಾಲಯದ ಮುಂದಿನ ಸಾಲುಗಳಲ್ಲಿ ಇಪ್ಪತ್ತಮೂರು ಹೆಂಗಸರು ಗೌರವದ ಉಡುಗೆಯಾದ ಚಾಪೆಯನ್ನು ಸೊಂಟಕ್ಕೆ ಬಿಗಿದು, ತಲೆ ಬಾಚಿ, ಬೀಸಣಿಗೆ ಹಿಡಿದು ಕೂತಿದ್ದರು. ತೊಡೆಯ ಮೇಲೆ ಊಟದ ಬುಟ್ಟಿ, ಬುಟ್ಟಿಯಿಂದ ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನೆಲೆಯ ವಾಸನೆ. ನಟ್ಟನಡುವೆ ಲುಸಿಯಾನೆ. ಎಲ್ಲರನ್ನೂ ಕರೆತಂದ ಕಿತಿಯೋನೆ ಮರ್ಯಾದೆಯಿಂದ ಹೊರಗೆ ಬಸ್ಸಿನ ಗಾಜು ಒರೆಸುತ್ತಿದ್ದ. ಸಾಯಂಕಾಲ ತಾನು ಯಾವ ಮನೆಯ ಬಾಗಿಲು ತೆಗೆಯುತ್ತೇನೆ ಎನ್ನುವುದು ಲೂಪೆಗೆ ತಿಳಿಯದು.

ಫೊಲಾವು ಬೈಬಲ್ ಮುಟ್ಟಿ ಪ್ರಮಾಣ ಮಾಡಿ ಎದೆಯುಬ್ಬಿಸಿ ತಿರುಗಿದ. ತಿರುಗಿದವನು ಅಕ್ಕನನ್ನು ಕಂಡ. ಅವನ ಕಣ್ಣು ಮೊದಲು ಹುಡುಕಿದ್ದು ಕಿಟಕಿಯನ್ನು. ಕೋರ್ಟಿನ ಕಿಟಕಿಗೆ ಕಂಬಿಯಿತ್ತು.

"ಆ ದಿವಸ ಮಾವಿನ ಮರದ ಮೇಲಿಂದ ನೀವು ಏನು ನೋಡಿದ್ರಿ?" ಎಂದು ಅವನ ವಕೀಲ ಕೇಳಿದ. ರಾಜಧಾನಿಯಲ್ಲೇ ಹುಟ್ಟಿ ಹೊರದೇಶದಲ್ಲಿ ಓದಿ ಬಂದ ಎಳೆಯ, ಮುಂದಿನ ಸಾಲು ಯಾರದೆಂದು ಗಮನಿಸಿರಲಿಲ್ಲ.

"ಮಾವಿನಕಾಯಿ."

"ಅದು ಬಿಟ್ಟು?"

"ಇರುವೆ."

"ಮರದ ಮೇಲಲ್ಲ ಸ್ವಾಮಿ, ಮನೆಯೊಳಗೆ! ಮನೆಯೊಳಗೆ ಕಿತಿಯೋನೆ ಏನು ಮಾಡ್ತಿದ್ದ?"

"ಬಾಗಿಲು ರಿಪೇರಿ," ಎಂದ ಫೊಲಾವು.

ಜಡ್ಜ್ ಕನ್ನಡಕ ತೆಗೆದು ಒರೆಸಿದ. ಈ ಸಾಕ್ಷಿಯನ್ನು ನೇರವಾಗಿ ಕೇಳು, ಅವರಿಬ್ಬರ ನಡುವೆ ಗಂಡಹೆಂಡಿರ ಸಂಬಂಧವಿದ್ದದ್ದನ್ನು ಕಂಡನೋ ಇಲ್ಲವೋ ಎಂದು ಭಾಷಾಂತರಕಾರನಿಗೆ ಹೇಳಿದ. ಆ ತೆಳ್ಳಗಿನ ಹುಡುಗ ಬಾಯಿ ತೆರೆದ. ಎರಡನೆಯ ಸಾಲಿನಿಂದ ಅವನ ಚಿಕ್ಕಪ್ಪನ ಮಗಳು ಅಕ್ಕರೆಯಿಂದ ಅವನನ್ನೇ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿದ.

"ಸ್ವಾಮಿ, ಆ ಮಾತು ನಮ್ಮ ಭಾಷೆಯಲ್ಲಿ ಇಲ್ಲ."

"ಇಲ್ಲವೇ? ಯಾವತ್ತೂ ಇಲ್ಲವೇ?"

"ಇವತ್ತು ಇಲ್ಲ ಸ್ವಾಮಿ."

ಈಗ ವಕೀಲನಿಗೂ ಬೆಳಕು ಹರಿಯಿತು. ಹೆಂಗಸರನ್ನು ಹೊರಗೆ ಕಳಿಸಬೇಕೆಂದು ಎದ್ದು ನಿಂತು ಕೇಳಿದ. ಲುಸಿಯಾನೆಯೂ ಎದ್ದಳು, ಮಂಡಿ ನೋವಿನಿಂದಾಗಿ ಹಂತಹಂತವಾಗಿ.

"ಯಾಕಪ್ಪಾ? ನನ್ನ ತಮ್ಮ ಹೇಳೋದ್ರಲ್ಲಿ ಅಕ್ಕ ಕೇಳಬಾರದ್ದು ಏನಿದೆ?" ಆಮೇಲೆ ಫೊಲಾವುವಿನ ಕಡೆ ತಿರುಗಿ, ಚಿಕ್ಕಂದಿನಲ್ಲಿ ಊಟಕ್ಕೆ ಕರೆಯುತ್ತಿದ್ದ ದನಿಯಲ್ಲಿ, "ಹೇಳು ಮರಿ. ಮರ ಹತ್ತಿ ಏನು ನೋಡ್ದೆ? ನಾನಿದ್ದೀನಿ, ಕೇಳ್ತೀನಿ," ಎಂದಳು.

ಹೊರಗೆ ಕಳಿಸಿ ಎಂದರೆ ಅಂಥದ್ದನ್ನು ಕಂಡೆ ಎಂದು ಅಕ್ಕನ ಮುಂದೆ ಒಪ್ಪಿಕೊಂಡಂತೆ. ಇರಲಿ ಎಂದರೆ ಹೇಳಬೇಕು. ಫೊಲಾವು ತನ್ನ ಕಾಲ್ಬೆರಳುಗಳನ್ನು ನೋಡುತ್ತ ನಿಂತ. ನಾಲ್ಕು ಗಂಡುಮಕ್ಕಳು, ಒಂದೇ ನಿವೇಶನ, ಹನ್ನೆರಡು ದಿನದ ಇರುವೆ. ಆ ಗಳಿಗೆಯಲ್ಲಿ ಅವನನ್ನು ಕಂಡು ಲೂಪೆಗೂ ಪಾಪ ಅನ್ನಿಸಿತು.

"ನಾನೇನೂ ನೋಡ್ಲಿಲ್ಲ," ಎಂದ.

ಸೆಮಿಸಿ ತನಗೆ ದೂರದ ದೃಷ್ಟಿ ಮಂದ ಎಂದ. ಫಿಲಿಪೆಯ ಹೆಸರು ಕೂಗಿದಾಗ ಅವನು ಬರಲಿಲ್ಲ, ಬಸ್ ನಿಲ್ದಾಣದಲ್ಲಿ ತಲೆಮರೆಸಿಕೊಂಡು ಕೂತಿದ್ದನಂತೆ. ಲೂಪೆಯನ್ನೇ ಕರೆದು ಕೇಳಬಹುದಿತ್ತು, ಆದರೆ ಆ ಪ್ರಶ್ನೆಗೆ ಅಂದು ಭಾಷೆಯಿರಲಿಲ್ಲ. ಸಾಕ್ಷ್ಯವಿಲ್ಲವೆಂದು ಜಡ್ಜ್ ದಾವೆ ವಜಾ ಮಾಡಿದ. ಹೆಂಗಸರು ಅಲ್ಲೇ ಹುಲ್ಲಿನ ಮೇಲೆ ಕೂತು ಬುಟ್ಟಿ ಬಿಚ್ಚಿದರು. ಬರುವಾಗ ಬಸ್ಸಿನ ತುಂಬ ಹಾಡು, ದನಿಯಿಲ್ಲದೆ ನಗುತ್ತಿದ್ದ ಕಿತಿಯೋನೆಯ ಹೊಟ್ಟೆ ಸ್ಟಿಯರಿಂಗಿಗೆ ತಾಗಿ ಕುಣಿಯುತ್ತಿತ್ತು.

ಗೇಟಿನ ಬಳಿ ಇಳಿದ ಲೂಪೆ ಕಿಟಕಿಯ ಕಡೆ ಕೈಮುಗಿದಳು. ಲುಸಿಯಾನೆ ಬೀಸಣಿಗೆ ಬೀಸುತ್ತ ಕೆಳಗೆ ನೋಡಿದಳು.

"ಬಹಳ ಹಿಗ್ಗಬೇಡ. ನಾನಿರೋವರ್ಗೂ ಅವನು ಬಾಯಿ ಬಿಡಲ್ಲ. ನನಗೆ ಎಪ್ಪತ್ತೊಂದು. ಸಕ್ಕರೆ ಕಾಯಿಲೆ ಇದೆ, ರಕ್ತದೊತ್ತಡ ಇದೆ, ಮಾತ್ರೆ ನುಂಗೋದು ಮರೆತು ಹೋಗುತ್ತೆ."

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಲೂಪೆ ಲುಸಿಯಾನೆಯ ಮನೆಯ ಬಾಗಿಲಲ್ಲಿದ್ದಳು. ಕೈಯಲ್ಲಿ ನೀರಿನ ಲೋಟ. "ಮಾತ್ರೆ ಎಲ್ಲಿ ಅಕ್ಕಾ?"

ಅಲ್ಲಿಂದ ಎರಡು ವರ್ಷ ಊರಿಗೆ ಪುಕ್ಕಟೆ ಮನರಂಜನೆ. ಮುದುಕಿ ಬೇಗ ಹೋಗಲಿ ಎಂದು ಬೇಡಿಕೊಂಡಿದ್ದ ಅದೇ ಬಾಯಿ ಭಾನುವಾರ ಇಗರ್ಜಿಯಲ್ಲಿ ಎದ್ದು ನಿಂತು, ನಮ್ಮ ಲುಸಿಯಾನೆಗೆ ದೀರ್ಘಾಯುಸ್ಸು ಕೊಡು ಎಂದು ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸಿತು. ಸಕ್ಕರೆ ಡಬ್ಬಿ ಅಟ್ಟಕ್ಕೇರಿತು. ದಿನಾ ಸಂಜೆ ಬಲವಂತದ ನಡಿಗೆ, ಇಗರ್ಜಿಯ ತನಕ ಹೋಗಿ ಬರುವುದು, ದಾರಿಯುದ್ದಕ್ಕೂ ಇಬ್ಬರ ಜಗಳ. ಅತ್ತ ಫೊಲಾವುಗೂ ಅಕ್ಕನ ಮೇಲೆ ಹಠಾತ್ತನೆ ಭಕ್ತಿ ಉಕ್ಕಿ, ವಾರವಾರವೂ ಎಲೆಯಲ್ಲಿ ಸುತ್ತಿದ ಕುರಿಯ ಕೊಬ್ಬುಮಾಂಸ ಕಳಿಸತೊಡಗಿದ. ಪ್ರೀತಿಯಿಂದ ಕಳಿಸುತ್ತಿದ್ದನೋ ದೂರಾಲೋಚನೆಯಿಂದಲೋ ದೇವರಿಗೇ ಗೊತ್ತು. ಫಹುವಿಗೆ ಬಂದದ್ದನ್ನು ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ. ಲೂಪೆ ಬೇಡವೆನ್ನುತ್ತಿರಲಿಲ್ಲ, ಕದ್ದು ನಾಯಿಗೆ ಹಾಕುತ್ತಿದ್ದಳು. ಲುಸಿಯಾನೆಯ ನಾಯಿ ನಡೆಯಲಾರದಷ್ಟು ದಪ್ಪವಾಯಿತು.

ಒಂದು ಮಧ್ಯಾಹ್ನ ಲೂಪೆ ಮನೆಯಲ್ಲಿದ್ದಾಗ, ದೀವಿಹಲಸಿನ ಕೆಳಗೆ ನೀಲಿ ಬಸ್ಸು ನಿಂತಿದ್ದಾಗ, ಮುಂಬಾಗಿಲ ಹತ್ತಿರ ಏದುಸಿರಿನ ಸದ್ದು ಕೇಳಿತು. ಕಿತಿಯೋನೆ ಚಪ್ಪಲಿ ಕೈಗೆತ್ತಿಕೊಂಡು ಹಿತ್ತಲಿಗೆ ಜಾರಿದ. ಲೂಪೆ ಹೋಗಿ ನೋಡಿದರೆ ಲುಸಿಯಾನೆ ಮೆಟ್ಟಿಲ ಮೇಲೆ ಕೂತು ಎಲೆಯ ಪೊಟ್ಟಣ ಬಿಚ್ಚಿದ್ದಾಳೆ, ಗಲ್ಲದ ಮೇಲೆ ಕೊಬ್ಬು ಹೊಳೆಯುತ್ತಿದೆ.

ಲೂಪೆ ಪೊಟ್ಟಣ ಕಿತ್ತುಕೊಂಡಳು. "ಸಾಯ್ಬೇಕು ಅಂತಿದ್ದೀರಾ?"

"ಕೊಡೇ! ನನ್ನ ತಮ್ಮ ಕಳಿಸಿದ್ದು!"

"ನಿಮ್ಮ ತಮ್ಮ ಗುಂಡಿ ತೋಡ್ತಿದ್ದಾನೆ, ನೀವು ಹೋಗಿ ಅಳತೆ ಕೊಡಿ!"

"ನಾನು ಸತ್ರೆ ಮನೆ ಹೋಗುತ್ತೆ ಅಂತ ತಾನೇ ನಿನ್ನ ಸಂಕಟ?" ಎಂದಳು ಲುಸಿಯಾನೆ. ತಮಾಷೆಗೇ ಕೇಳಿದ್ದು.

ಹೌದು ಎಂದುಬಿಡಲು ಲೂಪೆ ಬಾಯಿ ತೆರೆದಳು. ಹೋದ ತಿಂಗಳು ಮುದುಕಿಗೆ ಜ್ವರ ಬಂದು ಮೂರು ದಿನ ಅವಳ ಹಾಸಿಗೆಯ ಪಕ್ಕ ಕೂತಿದ್ದಾಗ, ಆ ಮೂರು ದಿನದಲ್ಲಿ ಮನೆಯ ನೆನಪು ತನಗೆ ಒಮ್ಮೆಯೂ ಬಂದಿರಲಿಲ್ಲ ಎಂಬುದು ಈಗ ಹೊಳೆಯಿತು. ಹೊಳೆದು, ಸಿಟ್ಟು ಬಂತು.

ಲುಸಿಯಾನೆ ಅವಳ ಮುಖವನ್ನೇ ನೋಡಿದಳು. ಆಮೇಲೆ ರಸ್ತೆಯ ಕಡೆ ತಿರುಗಿಕೊಂಡಳು.

"ನನ್ನ ಗಂಡ ಹೋದಾಗ ನನಗೆ ಮೂವತ್ತೊಂದು," ಎಂದಳು. "ನನಗೂ ಇದೇ ಷರತ್ತು. ಒಬ್ಬ ಇದ್ದ, ಮೀನುಗಾರ. ಗೇಟಿನ ತನಕ ಬರ್ತಿದ್ದ. ಒಳಗೆ ಕರೀಲಿಲ್ಲ. ಮನೆ ಉಳಿ‌ಸ್ಕೊಂಡೆ. ನಲವತ್ತು ವರ್ಷ. ಉಳಿಸ್ಕೊಂಡು ಏನು ಮಾಡ್ದೆ ಅಂತೀಯ? ಊರವರ ಸಾಮಾನೆಲ್ಲ ತಂದು ತುಂಬ್ದೆ. ಇನ್ನೂ ಖಾಲಿ ಕಾಣುತ್ತೆ ಕಣೆ."

ಲೂಪೆ ಒಳಗೆ ಹೋಗಿ, ಹಾಸಿಗೆ ಎತ್ತಿ, ತಾಯಿಯ ಚಾಪೆಯನ್ನು ತಂದು ಮೆಟ್ಟಿಲ ಮೇಲಿನ ಹಲಗೆಯಲ್ಲಿ ಹಾಸಿದಳು. ಮಧ್ಯಾಹ್ನದ ಬೆಳಕಿಗೆ ಅದು ಬೆಣ್ಣೆಯ ಬಣ್ಣಕ್ಕೆ ತಿರುಗಿತು. ಲುಸಿಯಾನೆ ಬೆರಳಿನಿಂದ ಎಳೆಗಳನ್ನು ಸವರಿದಳು.

"ಗಂಡನ ಹೆಣ ಮನೆಗೆ ಬರೋ ಮುಂಚೇನೇ ಇದನ್ನ ಬಚ್ಚಿಟ್ಟಿದ್ದೆ," ಎಂದಳು ಲೂಪೆ. "ತಗೊಳ್ಳಿ. ನಿಮ್ಮದೇ."

"ಗೊತ್ತಿತ್ತು. ಆ ಮೂರು ದಿನ ನೀನು ಹಾಸಿಗೆ ಬಿಟ್ಟು ಏಳ್ತಾನೇ ಇರಲಿಲ್ಲ, ಮೊಟ್ಟೆ ಮೇಲೆ ಕೂತ ಕೋಳಿ ಹಾಗೆ." ಲುಸಿಯಾನೆ ಚಾಪೆಯ ಮೇಲೆ ನಿಧಾನವಾಗಿ ಸರಿದು ಕೂತು, ಬಾಗಿಲ ಚೌಕಟ್ಟಿಗೆ ಬೆನ್ನು ಒರಗಿಸಿ ಕಾಲು ಚಾಚಿದಳು. ಅರ್ಧ ಬಾಗಿಲು ಅವಳ ಮೈಯಿಂದಲೇ ತುಂಬಿತು. "ಇದು ಇಲ್ಲೇ ಇರ್ಲಿ. ಬಂದಾಗ ಕೂರೋಕ್ಕಾಗುತ್ತೆ."

ಅವಳು ಕೈಯಿಟ್ಟ ವಸ್ತುವನ್ನು ಬಿಟ್ಟುಹೋದದ್ದನ್ನು ಊರಿನಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ.

"ಏಯ್ ಕಿತಿಯೋನೆ!" ಎಂದು ಹಿಂದಕ್ಕೆ ತಿರುಗದೆ ಕೂಗಿದಳು. "ಹಿತ್ತಲಲ್ಲಿ ನಿಂತು ಸೊಳ್ಳೆಗೆ ಊಟ ಹಾಕ್ಬೇಡ. ಸುತ್ತಿ ಬಂದು ಮುಂಬಾಗಿಲಿಂದ ಒಳಗೆ ಹೋಗು."

ಕಿತಿಯೋನೆ ಸುತ್ತಿ ಬಂದ. ಚಪ್ಪಲಿಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತ. ಲುಸಿಯಾನೆ ಬೀಸಣಿಗೆಯಿಂದ ಮೆಟ್ಟಿಲನ್ನು ತೋರಿಸಿದಳು. ಅಲ್ಲೇ ಬಿಟ್ಟು, ಅವಳ ಊದಿದ ಕಾಲುಗಳನ್ನು ದಾಟಿ ಒಳಗೆ ಹೋದ.

ಅಷ್ಟರಲ್ಲಿ ರಸ್ತೆಯಲ್ಲಿ ಗೆಣಸಿನ ಮೂಟೆ ಹೊತ್ತ ಫೊಲಾವು ಬಂದ. ಬಸ್ಸು ಕಂಡಿತು, ಮೆಟ್ಟಿಲ ಮೇಲಿನ ಚಪ್ಪಲಿ ಕಂಡಿತು, ಚಪ್ಪಲಿಯ ಪಕ್ಕ ಬಾಗಿಲು ತುಂಬ ಕೂತ ಅಕ್ಕ ಕಂಡಳು. ಅಕ್ಕ ತಮ್ಮನಿಗೆ ಕೈಬೀಸಿದಳು. ಅವನು ಥಟ್ಟನೆ ಮುಖ ತಿರುಗಿಸಿ, ಕುಂಟುಗಾಲನ್ನು ಎಳೆಯುತ್ತ ಬಂದ ದಾರಿಯಲ್ಲೇ ಹಿಂದಕ್ಕೆ ಹೋದ.

"ಮಾತ್ರೆ ತಾರೇ ಲೂಪೆ," ಎಂದಳು ಲುಸಿಯಾನೆ. "ಮಧ್ಯಾಹ್ನದ್ದು ನುಂಗಿಲ್ಲ."